ಮೇಲಿನ ಹಲ್ಲಿನ ಕಚ್ಚು

ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸಣ್ಣ ದಾವೆಗಳ ನ್ಯಾಯಾಲಯದ ಮೇಜಿನ ಮೇಲೆ ಒಂದು ಹಲ್ಲಿನ ಸೆಟ್ ಇತ್ತು. ಎಂಟು ತಿಂಗಳ ಹಿಂದೆ ಅಳತೆ ಕೊಟ್ಟು ಮಾಡಿಸಲು ಹಾಕಿದ್ದು. ವಾಚಕ್ಕನ ಅಪ್ಪ ದಾವೆ ಹೂಡಿದವನು; ಅವನ ಬಾಯಿಗೆ ಅದು ಕೂರಲಿಲ್ಲ.

“ಇನ್ನೊಂದ್ಸಲ ಒತ್ತಿ ನೋಡಿ ಯಜಮಾನ್ರೆ,” ಎಂದ ಹಲ್ಲು ಕಟ್ಟುವವ.

ಅಪ್ಪ ಒತ್ತಿ ನೋಡಿದ. ಮೇಲಿನ ಸಾಲು ಒಸಡಿನಿಂದ ಜಾರಿ ಕೆಳತುಟಿಯ ಮೇಲೆ ಬಂದು ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಪ್ಪ ಅದನ್ನು ತೆಗೆದು ಕರವಸ್ತ್ರದ ಮೇಲಿಟ್ಟ.

“ನಾನು ಕೊಟ್ಟಿದ್ದು ನನ್ನ ಬಾಯಿಯ ಅಳತೆ ಕಣಯ್ಯಾ. ಕುದುರೇದಲ್ಲ.”

ಈ ಸಲ ಇಡೀ ಕೋಣೆ ನಕ್ಕಿತು. ನ್ಯಾಯಾಧೀಶೆ ನಗಲಿಲ್ಲ. ಈ ಕೋರ್ಟಿನಲ್ಲಿ ವಕೀಲರಿಲ್ಲ. ದೂರು ಕೊಟ್ಟವರೂ ಉತ್ತರ ಹೇಳುವವರೂ ತಮ್ಮ ತಮ್ಮ ಬಾಯಲ್ಲೇ ಮಾತಾಡಬೇಕು. ಇಲ್ಲಿ ದೂರೇ ಬಾಯಿಯದಾಗಿತ್ತು.

“ಯಾಕೆ ಕೂರ್ತಿಲ್ಲ?” ಎಂದು ಕೇಳಿದರು.

“ವಯಸ್ಸಾದೋರಲ್ವಾ ಮೇಡಂ, ಒಸಡು ಸವೀತಾ ಹೋಗತ್ತೆ. ಅಳತೆ ತಗೊಂಡು ಎಂಟು ತಿಂಗಳಾಯ್ತು.”

“ಆ ಎಂಟು ತಿಂಗಳು ಸವೆಸಿದ್ದು ಯಾರು?”

ಹಲ್ಲು ಕಟ್ಟುವವ ಕೈ ಉಜ್ಜಿಕೊಂಡ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಉಗುರಿನ ಸಂದಿಯಲ್ಲೆಲ್ಲ ಗುಲಾಬಿ ಬಣ್ಣದ ಪುಡಿ. ಅವನ ಕಣ್ಣು ನ್ಯಾಯಾಧೀಶೆಯ ಕಡೆಗಿರಲಿಲ್ಲ. ಅಪ್ಪನ ಪಕ್ಕದಲ್ಲಿ ನಿಂತಿದ್ದ ಅಪ್ಪನ ಮಗಳ ಕಡೆಗಿತ್ತು.

ಮಗಳನ್ನು ಪೇಟೆಯಲ್ಲಿ ಎಲ್ಲರೂ ವಾಚಕ್ಕ ಅನ್ನುತ್ತಾರೆ. ಗಡಿಯಾರ ರಿಪೇರಿ ಅವಳ ಕಸುಬು. ದಾವೆ ಹೂಡಿಸಿದ್ದೂ ಅವಳೇ. ಅಪ್ಪ ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು ಗಾಡಿಗಳ ವೇಳೆ ಸಾರಿದವನು. ಹಲ್ಲು ಹೋದ ಮೇಲೆ ಫೋನು ಎತ್ತುವುದನ್ನೇ ಬಿಟ್ಟಿದ್ದ. ಅರ್ಜಿಯಲ್ಲಿ ಪರಿಹಾರದ ಮೊತ್ತ ಬರೆಯುವ ಜಾಗವನ್ನು ವಾಚಕ್ಕ ಖಾಲಿ ಬಿಟ್ಟು, ಕೆಳಗೆ ‘ಹಲ್ಲು ಬೇಕು’ ಎಂದು ಬರೆದಿದ್ದಳು.

“ನಾನೊಮ್ಮೆ ನೋಡಬಹುದಾ?” ಎಂದಳು.

“ನೋಡಿ. ನಿಮ್ಮದೇ ದಾವೆ.”

ಅವಳು ಬ್ಲೌಸಿನೊಳಗಿಂದ ದಾರಕ್ಕೆ ಕಟ್ಟಿದ್ದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡಳು. ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ನಿನ್ನೆಯೋ ಇವತ್ತೋ ಪಾಲಿಶ್ ಆದದ್ದು. ಸಂದಿಯಲ್ಲಿ ಬಿಳಿ ಪುಡಿ ಇನ್ನೂ ಒದ್ದೆಯಿತ್ತು. ಆದರೆ ದವಡೆ ಹಲ್ಲುಗಳ ತಲೆ ಚಪ್ಪಟೆಯಾಗಿ ಸವೆದಿತ್ತು, ಎಡಗಡೆ ಹೆಚ್ಚು, ಬಲಗಡೆ ಕಡಿಮೆ. ಗಡಿಯಾರದ ಚಕ್ರ ಸವೆಯುವುದನ್ನು ಇಪ್ಪತ್ತು ವರ್ಷ ನೋಡಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಯಾರೋ ಈ ಸೆಟ್ಟಿನಲ್ಲಿ ವರ್ಷಗಟ್ಟಲೆ ಊಟ ಮಾಡಿದ್ದರು.

ಸೆಟ್ಟನ್ನು ತಿರುಗಿಸಿದಳು. ಒಸಡಿಗೆ ಅಂಟುವ ಒಳಮೈಗೆ ಪಾಲಿಶ್ ಮುಟ್ಟಿರಲಿಲ್ಲ. ಆ ಕಸುಬಿನವರು ಯಾರೂ ಒಳಮೈ ಉಜ್ಜುವುದಿಲ್ಲ. ಉಜ್ಜಿದರೆ ಹಿಡಿತ ಹೋಗುತ್ತದೆ. ಅಂಗುಳಿನ ಭಾಗದಲ್ಲಿ, ಪಾರದರ್ಶಕ ಪದರದ ಕೆಳಗೆ, ಅಕ್ಕಿಕಾಳಿನಷ್ಟು ಕಾಗದದ ಚೂರು. ಅದರ ಮೇಲೆ ನಾಲ್ಕು, ಒಂದು, ಎರಡು.

ಅಪ್ಪನ ರಸೀದಿಯಲ್ಲಿದ್ದ ಸಂಖ್ಯೆ ಒಂಬೈನೂರ ಆರು.

ಕೊನೆಗೆ ಮುಂದಿನ ಹಲ್ಲು ನೋಡಿದಳು. ಬಲಗಡೆಯ ಮೊದಲ ಹಲ್ಲಿನ ತುದಿಯಲ್ಲಿ ಒಂದು ಕಚ್ಚು. ಸೂಜಿ ಹಿಡಿಸುವಷ್ಟು ಸಣ್ಣದು, ನುಣುಪಾದದ್ದು, ಮುರಿದದ್ದಲ್ಲ. ದಾರ ಎಳೆದು ಎಳೆದು ಆದದ್ದು.

ಅವಳು ಹೆಬ್ಬೆರಳಿನಿಂದ ಅದನ್ನು ಮತ್ತೊಮ್ಮೆ ಸವರಿದಳು.

ಒಂಬತ್ತು ವರ್ಷದಿಂದ ಅವಳ ಅಂಗಡಿಗೂ ದರ್ಜಿಯ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. “ಕತ್ತರಿ ಹುಡುಕೋಷ್ಟ್ರಲ್ಲಿ ಗುಂಡಿ ಹೊಲ್ದು ಮುಗೀತದೆ ವಾಚಕ್ಕಾ,” ಎನ್ನುತ್ತ ದರ್ಜಿ ಮಾಮ ದಾರವನ್ನು ಹಲ್ಲಲ್ಲೇ ಕಡಿಯುತ್ತಿದ್ದ. ಕಟ್ಟಿಸಿದ ಹಲ್ಲೆಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಿರಲಿಲ್ಲ. ಈ ಹಲ್ಲು ಕಟ್ಟುವವನ ಹತ್ತಿರ ಹೋಗಿ ಎಂದು ಅಪ್ಪನಿಗೆ ಹೇಳಿದವನೂ ಅವನೇ. ಅವನು ಕಾಣೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಸಾಲ ಮಾಡಿಕೊಂಡು ಊರು ಬಿಟ್ಟಿರಬೇಕೆಂದು ಪೊಲೀಸರು ಫೈಲು ಮಡಚಿಟ್ಟಿದ್ದರು.

ಊರು ಬಿಡುವ ಮನುಷ್ಯ ಬಟ್ಟೆ ಬಿಟ್ಟುಹೋಗಬಹುದು, ಹೆಂಡತಿಯನ್ನೂ ಬಿಟ್ಟುಹೋಗಬಹುದು. ಹಲ್ಲು ಬಿಟ್ಟು ಹೋಗುತ್ತಾನೆಯೇ?

ಕಣ್ಣಿನಿಂದ ಗಾಜು ತೆಗೆದಾಗ ಹಲ್ಲು ಕಟ್ಟುವವ ಅವಳನ್ನೇ ನೋಡುತ್ತಿದ್ದ. ರೆಪ್ಪೆ ಬಡಿಯದ ನೋಟ.

“ಏನಾದ್ರೂ ಹೇಳೋದಿದೆಯಾ?” ನ್ಯಾಯಾಧೀಶೆ ಕೇಳಿದರು.

ಹೇಳಬಹುದಿತ್ತು. ಆದರೆ ಕೈಯಲ್ಲಿ ಇದ್ದದ್ದು ಒಂದು ಕಚ್ಚು, ಒಂದು ಸಂಖ್ಯೆ. ಆ ಸಂಖ್ಯೆ ಯಾರದ್ದೆಂದು ಹೇಳುವ ಪುಸ್ತಕ ಅವನ ಅಂಗಡಿಯಲ್ಲಿತ್ತು. ಇಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಆ ಪುಸ್ತಕ ಬೂದಿ.

“ಇದು ಹೊಸದಲ್ಲ ಅಂತ ನನಗನ್ಸುತ್ತೆ,” ಎಂದಷ್ಟೇ ಹೇಳಿದಳು.

ನ್ಯಾಯಾಧೀಶೆ ಆದೇಶ ಬರೆಸಿದರು. ಪ್ರತಿವಾದಿ ಇವತ್ತೇ ತನ್ನ ಅಂಗಡಿಯಲ್ಲಿ ಹೊಸದಾಗಿ ಅಚ್ಚು ತೆಗೆಯಬೇಕು. ಅಚ್ಚನ್ನೂ ಈ ಸೆಟ್ಟನ್ನೂ ನಾಲ್ಕು ಗಂಟೆಗೆ ಮತ್ತೆ ಹಾಜರುಪಡಿಸಬೇಕು. ಅಲ್ಲಿಯವರೆಗೆ ಸೆಟ್ಟು ವಾದಿಯ ಮಗಳ ವಶದಲ್ಲಿರಬೇಕು. ಕೆಲಸ ಆಗುವುದನ್ನು ನೋಡಲು ಕೋರ್ಟಿನ ಆದೇಶ ಜಾರಿ ಮಾಡುವ ಅಮೀನ ಜೊತೆಗೆ ಹೋಗಬೇಕು.

“ಮುಂದಿನ ವಾರ ಅನ್ನೋ ಮಾತು ನನ್ನ ಕಿವಿಗೆ ಬೀಳಬಾರದು,” ಎಂದರು. ಮುಂದಿನ ಪ್ರಕರಣದವರನ್ನು ಕೂಗಿ ಆಗಿತ್ತು.

*

ಅಂಗಡಿಗೆ ಹತ್ತು ನಿಮಿಷದ ದಾರಿ. ಹಲ್ಲು ಕಟ್ಟುವವ ಇಪ್ಪತ್ತು ಹೆಜ್ಜೆ ಮುಂದೆ ಸರಸರ ನಡೆಯುತ್ತಿದ್ದ. ಅಪ್ಪ ನಡುವೆ. ವಾಚಕ್ಕ ಸೆಟ್ಟಿನ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು, ಬೇಕೆಂದೇ ಹಿಂದುಳಿದು ಅಮೀನನ ಜೊತೆ ಹೆಜ್ಜೆ ಹಾಕಿದಳು. ಎತ್ತರದ ಆಳು, ನಿಧಾನ ಮಾತು, ಸಮಾಧಾನದ ಮುಖ. ಕೋರ್ಟಿನ ಮೆಟ್ಟಿಲಿಳಿಯುವಾಗ ಅಪ್ಪನಿಗೆ ಕೈ ಆಸರೆ ಕೊಟ್ಟಿದ್ದ.

“ಸರ್, ಒಂದು ಮಾತು. ಯಾರಿಗೂ ಹೇಳ್ಬೇಡಿ.”

“ಹೇಳಿ ತಾಯಿ.”

ಹೇಳಿದಳು. ಕಚ್ಚು, ಸಂಖ್ಯೆ, ಹಲಗೆ ಗೋಡೆ, ಹತ್ತೊಂಬತ್ತು ದಿನ, ಎಲ್ಲ.

ಅಮೀನ ಒಮ್ಮೆ ಮುಂದೆ ಹೋಗುತ್ತಿದ್ದವನ ಕಡೆ ನೋಡಿದ.

“ದೊಡ್ಡ ಮಾತು ಹೇಳ್ತಿದ್ದೀರಿ,” ಎಂದ. “ಬೇರೆ ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ. ಅಪ್ಪನಿಗೂ ಹೇಳಿಲ್ಲ. ಈಗ್ಲೇ ಪೊಲೀಸರ ಹತ್ರ ಹೋದ್ರೆ ನಗ್ತಾರೆ. ಆ ಪುಸ್ತಕ ಒಂದು ಕಣ್ಣಿಗೆ ಬಿದ್ರೆ ಸಾಕು.”

“ಸರಿಯಾಗಿ ಯೋಚ್ನೆ ಮಾಡಿದ್ದೀರಿ. ಆ ಡಬ್ಬಿ ಇಲ್ಲಿ ಕೊಡಿ, ನನ್ನ ಹತ್ರ ಭದ್ರವಾಗಿರತ್ತೆ.”

“ಬೇಡ ಸರ್. ಮೇಡಂ ನನ್ನ ವಶಕ್ಕೆ ಅಂತ ಬರೆಸಿದ್ದಾರಲ್ಲ. ಆಮೇಲೆ ನಿಮಗೆ ಮಾತು ಬರೋದು ಬೇಡ.”

“ಅದೂ ಸರಿಯೇ,” ಎಂದು ಅಮೀನ ನಕ್ಕ.

“ನೀವೊಂದು ಉಪಕಾರ ಮಾಡಿ. ಅಪ್ಪ ಆ ಕುರ್ಚಿ ಮೇಲೆ ಕೂತಿರುವಾಗ ಪಕ್ಕ ಬಿಟ್ಟು ಕದಲಬೇಡಿ. ಆ ಮನುಷ್ಯನ ಕೈ ಅಪ್ಪನ ಬಾಯೊಳಗಿರತ್ತೆ ಅಂದ್ರೇನೇ ನನಗೆ…”

“ನಾನಿರ್ತೀನಿ. ನೀವು ಧೈರ್ಯವಾಗಿರಿ.”

ಮೂರು ದಾರಿ ಕೂಡುವಲ್ಲಿ ಹಲ್ಲು ಕಟ್ಟುವವ ಕಣ್ಣಿಗೆ ಬೀಳಲಿಲ್ಲ. ಅಮೀನ ತಡಮಾಡದೆ ಎಡಕ್ಕೆ, ಒಂದು ಗೋದಾಮಿನ ಹಿಂದಿನ ಓಣಿಗೆ ತಿರುಗಿದ.

“ನಿಮಗೆ ದಾರಿ ಗೊತ್ತಾ?” ಅಪ್ಪ ಕೇಳಿದ.

“ಸಮನ್ಸ್ ಜಾರಿ ಮಾಡೋಕೆ ಬಂದಿದ್ದೆನಲ್ಲ ಅಜ್ಜಾ.”

*

ಅಂಗಡಿಯೆಂದರೆ ಎರಡು ಕೋಣೆ. ಮುಂದಿನದರಲ್ಲಿ ಕುರ್ಚಿ, ಮೇಜು, ಕೈತೊಳೆಯುವ ತೊಟ್ಟಿ, ಗೋಡೆಯುದ್ದಕ್ಕೂ ಕಪಾಟು. ಕಪಾಟಿನ ತುಂಬ ಗಿರಾಕಿಗಳ ಬಾಯಿಯಚ್ಚಿನ ಸುಣ್ಣದ ದವಡೆಗಳು, ಸಾಲುಸಾಲು, ಒಂದೊಂದರ ಬುಡದಲ್ಲೂ ಗೀಚಿದ ಸಂಖ್ಯೆ. ಎಲ್ಲವೂ ಬಾಯಿ ತೆರೆದುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದವು. ಹಿಂದಿನ ಕೋಣೆಯಲ್ಲಿ ಪಾಲಿಶ್ ಮೋಟಾರು. ನಡುವೆ ಒಂದು ಪರದೆ.

ಅಮೀನ ಕೊನೆಯಲ್ಲಿ ಒಳಬಂದು ಬೀದಿ ಬಾಗಿಲು ಮುಚ್ಚಿ ಚಿಲಕ ಹಾಕಿದ. “ಗಿರಾಕಿಗಳು ನುಗ್ಗಿದ್ರೆ ಕೆಲಸ ಆಗಲ್ಲ,” ಎಂದ.

ವಾಚಕ್ಕನ ಕಣ್ಣು ಕಪಾಟಿನ ಮೇಲಿತ್ತು. ನಾಲ್ಕುನೂರ ಹತ್ತು. ನಾಲ್ಕುನೂರ ಹನ್ನೊಂದು. ಆಮೇಲೆ ಒಂದು ಖಾಲಿ ಜಾಗ, ಧೂಳಿಲ್ಲದ ಅರ್ಧಚಂದ್ರ. ಆಮೇಲೆ ನಾಲ್ಕುನೂರ ಹದಿಮೂರು.

“ಶೀತ ಇದೆಯಾ?” ಹಲ್ಲು ಕಟ್ಟುವವ ಅಪ್ಪನನ್ನು ಕೇಳಿದ.

“ಬೆಳಗ್ಗೆಯಿಂದ ಒಂದು ಹೊಳ್ಳೆ ಕಟ್ಟಿದೆ. ಇನ್ನೊಂದು ಡ್ಯೂಟಿ ಮೇಲಿದೆ.”

“ಸಾಕು. ಬಾಯಲ್ಲಿ ಉಸಿರಾಡೋಕಾಗಲ್ಲ, ಮೂಗಲ್ಲೇ ಆಡ್ಬೇಕು. ನಾಲ್ಕು ನಿಮಿಷ. ಅಲ್ಲಾಡ್ಬೇಡಿ, ನುಂಗ್ಬೇಡಿ, ಮಾತಾಡ್ಬೇಡಿ.”

“ಎಂಟು ತಿಂಗಳಿಂದ ಅದನ್ನೇ ಮಾಡ್ತಿದ್ದೀನಿ,” ಎಂದು ಅಪ್ಪ ಬಾಯಿ ತೆರೆದ.

ಹಲ್ಲು ಕಟ್ಟುವವ ಅಚ್ಚಿನ ಗುಲಾಬಿ ಹಿಟ್ಟನ್ನು ರಬ್ಬರ್ ಬಟ್ಟಲಲ್ಲಿ ಕಲಸಿ, ಹಿಡಿಯಿರುವ ತಗಡಿನ ತಟ್ಟೆಗೆ ತುಂಬಿ, ಅದನ್ನು ಮೇಲಂಗುಳಿಗೆ ಒತ್ತಿದ. ಹಿಟ್ಟು ತುಟಿಯಂಚಿಗೆ ಉಕ್ಕಿ ಬಂತು. ಅಪ್ಪನ ಕಣ್ಣಲ್ಲಿ ನೀರು. ವಾಚಕ್ಕ ಕೈಗಡಿಯಾರ ನೋಡಿಕೊಂಡಳು. ಹನ್ನೆರಡು ಗಂಟೆ ಎರಡು ನಿಮಿಷ.

ಒಂದು ನಿಮಿಷ ಕಳೆಯಿತು.

“ನೀವು ಒಳಗೆ ಬನ್ನಿ, ಬಣ್ಣ ಆರಿಸ್ಬೇಕು,” ಎಂದ ಹಲ್ಲು ಕಟ್ಟುವವ ಅವಳಿಗೆ. “ಹಲ್ಲಲ್ಲಿ ಹದಿನಾರು ಥರದ ಬಿಳುಪಿದೆ. ಕೆಟ್ಟದಾಗಿ ಬಂದ್ರೆ ಮತ್ತೆ ಕೋರ್ಟು.”

“ಇಲ್ಲೇ ತನ್ನಿ.”

“ಮೋಟಾರಿನ ಹತ್ರ ಬೆಳಕಿದೆ. ಬನ್ನಿ ಅಂದೆನಲ್ಲ.”

ಅವಳು ಅಮೀನನ ಕಡೆ ನೋಡಿದಳು.

“ಹೋಗಿ ಬನ್ನಿ ತಾಯಿ. ತಟ್ಟೆ ನಾನು ಹಿಡ್ಕೋತೀನಿ,” ಎಂದು ಅಮೀನ ಕುರ್ಚಿಯ ಹಿಂದೆ ಬಂದು ಕೈ ಚಾಚಿದ.

ಹಲ್ಲು ಕಟ್ಟುವವ ಹಿಡಿಯನ್ನು ಬಿಡಲು ಒಂದು ಕ್ಷಣ ತಡೆದ. ಆ ತಡೆಯನ್ನು ಅವಳು ಗಮನಿಸಿದಳು. ಕಳ್ಳನ ಕೈ ಎಂದುಕೊಂಡಳು. ಅಮೀನ ಇದ್ದಾನೆ, ಅಪ್ಪನಿಗೇನೂ ಆಗುವುದಿಲ್ಲ ಎಂದುಕೊಂಡು ಚೀಲವನ್ನು ಎದೆಗವಚಿ ಪರದೆ ದಾಟಿದಳು.

ಹಲ್ಲು ಕಟ್ಟುವವ ಹಾಕಿದ ಮೋಟಾರು ಗುರ್ರೆಂದು ಶುರುವಾಯಿತು. ಸದ್ದು ಕೋಣೆ ತುಂಬಿತು.

“ದರ್ಜಿ ಮಾಮನ್ನ ಏನು ಮಾಡಿದ್ರಿ?” ಅವಳೇ ಮೊದಲು ಕೇಳಿದಳು. ಬೆನ್ನು ಗೋಡೆಗೆ ತಾಗಿತ್ತು. “ನಾಲ್ಕುನೂರ ಹನ್ನೆರಡು ಯಾರದ್ದು ಅಂತ ನನಗೆ ಗೊತ್ತು. ಹತ್ರ ಬಂದ್ರೆ ಕಿರುಚ್ತೀನಿ.”

“ಕಿರುಚ್ಬೇಡಿ. ನಿಮ್ಮ ದಮ್ಮಯ್ಯ, ಕಿರುಚ್ಬೇಡಿ.” ಅವನ ತುಟಿ ಬಿಳಿಚಿಕೊಂಡಿತ್ತು. “ನಿಮಗೆ ಗೊತ್ತಾಗ್ಲಿ ಅಂತಲೇ ತಂದಿದ್ದು. ಮೈಯೆಲ್ಲಾ ಪಾಲಿಶ್ ಮಾಡಿದೋನಿಗೆ ಆ ಒಂದು ಕಚ್ಚು ತೆಗೆಯೋದು ಎಷ್ಟು ಹೊತ್ತಿನ ಕೆಲಸ?”

ಅರ್ಧ ನಿಮಿಷದ ಕೆಲಸ. ಅದು ಅವಳಿಗೂ ಗೊತ್ತಿತ್ತು.

“ಆ ಗಾಜು ಹಾಕ್ಕೊಂಡು ನೀವು ನೋಡೇ ನೋಡ್ತೀರಿ ಅಂತ ಗೊತ್ತಿತ್ತು. ಬೇರೆಯವ್ರಿಗೆ ಅದು ಬರೀ ಹೊಳೆಯೋ ಸೆಟ್ಟು. ಗುರುತು ಸಿಗಬಾರದು ಅಂತ ಅಷ್ಟು ಪಾಲಿಶ್ ಹೊಡೆದೆ.”

“ಯಾರಿಗೆ ಗುರುತು ಸಿಗಬಾರದು?”

“ತಂದುಕೊಟ್ಟೋನಿಗೆ. ಹದಿನೆಂಟು ದಿನದ ಹಿಂದೆ, ಬಾಗಿಲು ತೆಗೆಯೋ ಹೊತ್ತಿಗೆ ಬಂದ. ಕರ್ಚೀಫಲ್ಲಿ ಸುತ್ತಿದ್ದ. ಇನ್ನೂ ಒದ್ದೆಯಿತ್ತು. ಇದನ್ನ ಪುಡಿ ಮಾಡು, ಇದರ ಅಚ್ಚನ್ನೂ ಪುಡಿ ಮಾಡು, ಪುಸ್ತಕದ ಹಾಳೆ ಕಿತ್ತುಕೊಡು ಅಂದ. ಇಲ್ಲಾಂದ್ರೆ ನಿನ್ನ ಮಗಳು ಯಾವ ಬಸ್ಸಲ್ಲಿ ಓಡಾಡ್ತಾಳೆ ಅಂತ ನನಗೆ ಗೊತ್ತು ಅಂದ. ಅಚ್ಚು ಒಡೆದೆ. ಹಾಳೆ ಕೊಟ್ಟೆ. ಇದನ್ನ ಆಗಲಿಲ್ಲ. ಬೇರೆ ಯಾವುದೋ ಹಳೇ ಸೆಟ್ಟು ಅವನ ಮುಂದೆ ಪುಡಿ ಮಾಡಿದೆ. ನಾನು ಕಟ್ಟಿದ ಹಲ್ಲು ಇದು. ನಾಳೆ ಎಲ್ಲಾದ್ರೂ ಒಂದು ಮೈ ಸಿಕ್ಕಿದ್ರೆ, ಯಾರದ್ದು ಅಂತ ಹೇಳೋಕೆ ಇದೊಂದೇ ಇರೋದು.”

“ಯಾರು ಅವನು?”

ಹಲ್ಲು ಕಟ್ಟುವವ ಪರದೆಯ ಕಡೆ ನೋಡಿದ. ಬಾಯಿಬಿಡಲಿಲ್ಲ. ಗಲ್ಲವನ್ನಷ್ಟೇ ಮುಂದಕ್ಕೆ ತೋರಿಸಿದ.

“ಸುಳ್ಳು,” ಎಂದಳು ವಾಚಕ್ಕ. “ಅವರು ಕೋರ್ಟಿನವರು. ನಿಮಗೆ ಸಮನ್ಸ್ ಕೊಡೋಕೆ ಬಂದಿದ್ರಂತೆ…”

ಮಾತು ಅಲ್ಲೇ ನಿಂತಿತು. ಚೀಲದಲ್ಲಿ ದಾವೆಯ ಕಡತವಿತ್ತು. ಅದರ ಮೂರನೇ ಹಾಳೆಗೆ ಅವಳೇ ಕೈಯಾರೆ ಅಂಟಿಸಿದ ಚೀಟಿಯಿತ್ತು. ಸಮನ್ಸ್ ಜಾರಿಯಾದದ್ದು ಅಂಚೆಯಲ್ಲಿ. ಸ್ವೀಕೃತಿಯ ಮೇಲೆ ಹಲ್ಲು ಕಟ್ಟುವವನ ಸಹಿ, ಅಂಚೆಯ ಮೊಹರು. ಈ ಅಂಗಡಿಗೆ ಸಮನ್ಸ್ ಹಿಡಿದು ಯಾವ ಅಮೀನನೂ ಬಂದಿರಲಿಲ್ಲ.

“ನೀವು ಅವನಿಗೇನೂ ಹೇಳಿಲ್ಲ ತಾನೆ?” ಹಲ್ಲು ಕಟ್ಟುವವ ಕೇಳಿದ.

ಅವಳು ಪರದೆಯ ಕಡೆ ತಿರುಗಿದಳು.

“ಹೇಳಿದ್ರಾ?”

“ಎಲ್ಲಾ ಹೇಳಿದೆ,” ಎಂದಳು. “ಅಪ್ಪನ ಪಕ್ಕ ಬಿಟ್ಟು ಕದಲಬೇಡಿ ಅಂತಲೂ ಹೇಳಿದೆ.”

ಹಲ್ಲು ಕಟ್ಟುವವ ಕೈಯಿಂದ ಬಾಯಿ ಮುಚ್ಚಿಕೊಂಡ. ಗುಲಾಬಿ ಪುಡಿ ಕೆನ್ನೆಗೆ ಮೆತ್ತಿತು.

ಅವಳು ಗಡಿಯಾರ ನೋಡಿದಳು. ಹನ್ನೆರಡು ಗಂಟೆ ಐದು ನಿಮಿಷ, ಹತ್ತು ಸೆಕೆಂಡು.

“ಇಲ್ಲಿ ಹಿಂಬಾಗಿಲಿದೆಯಾ?”

“ಇಲ್ಲ.”

“ಫೋನು?”

“ಮುಂದಿನ ಕೋಣೇಲಿ.”

ಅವಳ ಫೋನು ಕೋರ್ಟಿನ ಕಾವಲುಗಾರನ ಪೆಟ್ಟಿಗೆಯಲ್ಲಿತ್ತು. ಒಳಗೆ ಹೋಗುವಾಗ ಎಲ್ಲರದ್ದೂ ತೆಗೆದಿಟ್ಟುಕೊಂಡಿದ್ದರು. ಹೊರಡುವ ಅವಸರದಲ್ಲಿ ಅದನ್ನು ಕೇಳಿ ಪಡೆಯಲು ಮರೆತಿದ್ದಳು.

“ಏನೂ ಗೊತ್ತಿಲ್ಲದ ಹಾಗೆ ಹೋಗೋಣ,” ಎಂದಳು. “ನೀವು ಹೋಗಿ ತಟ್ಟೆ ತೆಗೀರಿ. ಅಪ್ಪ ಬಾಯಿ ತೊಳೀಲಿ. ನಾಲ್ಕೂ ಜನ ಬೀದಿಗೆ ಬರೋಣ. ಬೀದೀಲಿ ಜನ ಇದ್ದಾರೆ. ಏನೂ ಆಗಿಲ್ಲ, ತಿಳೀತಾ? ನಾವು ಬಣ್ಣ ಆರಿಸಿದ್ವಿ, ಅಷ್ಟೆ. ಯಾವ ಬಣ್ಣ?”

“ಆ?”

“ಯಾವ ಬಣ್ಣ ಆರಿಸಿದ್ವಿ, ಕೇಳಿದ್ರೆ ಹೇಳ್ಬೇಕಲ್ಲ?”

“ಆರನೇದು. ವಯಸ್ಸಾದೋರಿಗೆ ಆರನೇದು ಹೊಂದತ್ತೆ.”

ಅವನು ಮೋಟಾರು ನಿಲ್ಲಿಸಿದ. ನಿಶ್ಶಬ್ದದಲ್ಲಿ ಪರದೆಯಾಚೆಯಿಂದ ಅಪ್ಪನ ಮೂಗಿನ ಉಸಿರು ಕೇಳಿಸಿತು, ಒಂದೇ ಹೊಳ್ಳೆಯ ಸೀಟಿಯಂಥ ಉಸಿರು. ವಾಚಕ್ಕನಿಗೆ ಅಷ್ಟು ಸಮಾಧಾನ ಕೊಟ್ಟ ಸದ್ದು ಇನ್ನೊಂದಿರಲಿಲ್ಲ. ಮುಖದ ಮೇಲೊಂದು ನಗೆ ತಂದುಕೊಂಡು ಪರದೆ ಸರಿಸಿದಳು.

ಅಪ್ಪನ ತಲೆ ಅಮೀನನ ಹೊಟ್ಟೆಗೆ ಒರಗಿತ್ತು. ಅಮೀನನ ಬಲಗೈ ತಟ್ಟೆಯ ಹಿಡಿಯ ಮೇಲಿತ್ತು. ಅವನು ಕುರ್ಚಿಯ ಹಿಂದಿನಿಂದ ಕದಲಿರಲಿಲ್ಲ.

“ಆಯ್ತಾ?” ಎಂದ.

“ಆಯ್ತು ಸರ್. ಆರನೇ ಬಣ್ಣ. ಟೈಮಾಯ್ತು, ತಟ್ಟೆ ತೆಗೀಬಹುದು.”

“ತೆಗೆಯೋಣ.” ಅಮೀನ ಹಲ್ಲು ಕಟ್ಟುವವನ ಕಡೆ ತಿರುಗಿದ. “ಮೋಟಾರು ಯಾಕೆ ಹಾಕಿದ್ದೆ?”

“ಅದು… ಒಂದು ಸೆಟ್ಟು ಉಜ್ಜೋದಿತ್ತು.”

“ನಾನು ಈ ಕೆಲಸಕ್ಕೆ ಬರೋ ಮುಂಚೆ ಏಳು ವರ್ಷ ಕಬ್ಬಿಣ ಉಜ್ಜೋ ಕಾರ್ಖಾನೇಲಿದ್ದೆ. ಚಕ್ರಕ್ಕೆ ಏನಾದ್ರೂ ಒತ್ತಿದ್ರೆ ಸದ್ದು ಕೆಳಗಿಳಿಯತ್ತೆ.” ಅವನ ದನಿ ಕೋರ್ಟಿನ ಮೆಟ್ಟಿಲ ಮೇಲಿದ್ದಷ್ಟೇ ಸಮಾಧಾನವಾಗಿತ್ತು. “ಎರಡೂವರೆ ನಿಮಿಷ. ಒಂದ್ಸಲಾನೂ ಇಳೀಲಿಲ್ಲ.”

ಅಪ್ಪ ಕಣ್ಣು ಮೇಲಕ್ಕೆತ್ತಿ ತನ್ನ ತಲೆಯ ಹಿಂದಿದ್ದ ಮುಖವನ್ನು ನೋಡಲು ಪ್ರಯತ್ನಿಸಿದ. ಆಮೇಲೆ ಮಗಳನ್ನು ನೋಡಿದ. ಏನೋ ಸರಿಯಿಲ್ಲವೆಂದು ಅವನಿಗೆ ತಿಳಿದದ್ದು ಅವನ ಹುಬ್ಬಿನಲ್ಲಿ ಕಾಣಿಸಿತು.

“ಅಪ್ಪನಿಗೆ ಏನೂ ಗೊತ್ತಿಲ್ಲ,” ಎಂದಳು ವಾಚಕ್ಕ.

“ದಾರೀಲೇ ಹೇಳಿದ್ರಲ್ಲ ತಾಯಿ. ಯಾರಿಗೂ ಹೇಳಿಲ್ಲ ಅಂತ.”

“ಅವರನ್ನ ಬಿಡಿ. ಅವರು ಮನೆಗೆ ಹೋಗ್ಲಿ. ನಾನಿಲ್ಲೇ ಇರ್ತೀನಿ.”

“ಡಬ್ಬಿ,” ಎಂದ ಅಮೀನ.

ಅವಳು ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕೊಟ್ಟರೆ ದರ್ಜಿ ಮಾಮನಿಗೆ ಏನಾಯಿತು ಎನ್ನುವುದಕ್ಕೆ ಉಳಿದಿದ್ದ ಒಂದೇ ಗುರುತೂ ಹೋಗುತ್ತದೆ. ಆಮೇಲೆ, ಗುರುತಿಲ್ಲದ ಮೇಲೆ, ಗೊತ್ತಿರುವವರು ಯಾಕಿರಬೇಕು? ಆ ಲೆಕ್ಕ ಅವಳ ತಲೆಯಲ್ಲಿ ಒಂದು ಸೆಕೆಂಡಿನಲ್ಲಿ ನಡೆದು ಮುಗಿಯಿತು. ಬೀದಿಯಲ್ಲಿ ಒಂದು ಗಾಡಿ ಹಾರ್ನ್ ಹೊಡೆದು ಹೋಯಿತು. ಹಲ್ಲು ಕಟ್ಟುವವ ಪರದೆಯನ್ನು ಹಿಡಿದುಕೊಂಡೇ ನಿಂತಿದ್ದ.

“ಸರ್, ನಾಲ್ಕು ಗಂಟೆಗೆ ಮೇಡಂ ಕೇಳ್ತಾರೆ. ಡಬ್ಬಿ ಎಲ್ಲಿ ಅಂತ ನನ್ನನ್ನೇ ಕೇಳ್ತಾರೆ.”

ಅಮೀನ ಎಡಗೈಯನ್ನು ಎತ್ತಿದ. ಅವಸರವಿಲ್ಲದೆ, ಮಗುವಿನ ಮೂಗು ಒರೆಸುವವನ ಹಾಗೆ, ಎರಡು ಬೆರಳಿನಿಂದ ಅಪ್ಪನ ಮೂಗನ್ನು ಮುಚ್ಚಿ ಹಿಡಿದ.

ಸೀಟಿಯಂಥ ಉಸಿರು ನಿಂತಿತು. ಅಪ್ಪನ ಎರಡೂ ಕೈ ಮೇಲೆದ್ದು ಅಮೀನನ ಮಣಿಕಟ್ಟನ್ನು ಹಿಡಿದವು. ಕಾಲು ಕುರ್ಚಿಯ ಪಟ್ಟಿಯನ್ನು ಒದೆಯಿತು.

ವಾಚಕ್ಕ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

ಅಮೀನ ಬೆರಳು ತೆಗೆಯಲಿಲ್ಲ.